ಆ ಒಣಮೀನಿನ ಅಂಗಡಿಯಿಂದಲೇ ಶುರು ಮಾಡಿ

ನಮಸ್ಕಾರ.

ನಿಮ್ಮ ಪೋರ್ಚುಗಲ್ ಪ್ರವಾಸದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದನ್ನು ಬಿಟ್ಟುಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಐದು ಪುಟ ವೀಸಾ, ವಿಮಾನ, ಹೋಟೆಲ್ಲು, ಟ್ರಾಮ್ ಟಿಕೆಟ್ಟಿನಲ್ಲೇ ಕಳೆದಿದೆ. ಅದನ್ನು ಪೂರ್ತಿ ತೆಗೆಯಿರಿ. 1755ರ ಲಿಸ್ಬನ್ ಭೂಕಂಪದ ಬಗ್ಗೆ ಬರೆದ ಪುಟವೂ ಬೇಡ. ಅದು ಯಾರಿಗಾದರೂ ಫೋನಿನಲ್ಲೇ ಸಿಗುವ ಮಾಹಿತಿ. ಆ ಭೂಕಂಪದಲ್ಲಿ ಚಾವಣಿ ಕಳೆದುಕೊಂಡ ಕಾರ್ಮೊ ಚರ್ಚಿನ ಕಮಾನುಗಳ ಕೆಳಗೆ ನೀವು ನಿಂತಿದ್ದೀರಿ, ಫೋಟೋ ಕಳಿಸಿದ್ದೀರಿ. ತಲೆಯ ಮೇಲೆ ಬರೀ ಆಕಾಶ ಇರುವ ಚರ್ಚಿನಲ್ಲಿ ನಿಂತಾಗ ಏನನ್ನಿಸಿತು? ಅದರ ಬಗ್ಗೆ ಒಂದು ಸಾಲೂ ಇಲ್ಲ.

ಬೆಲೆಂ ಗೋಪುರದ ಹತ್ತಿರ ‘ವರ್ಣಿಸಲು ಪದಗಳೇ ಸಾಲವು’ ಎಂದಿದ್ದೀರಿ. ಪದ ಹುಡುಕುವುದೇ ನಮ್ಮ ಕೆಲಸ, ಅಲ್ವಾ? 1520ರ ಸುಮಾರಿಗೆ ಪೋರ್ಚುಗಲ್ಲಿನವನೇ ಆದ ಡೊಮಿಂಗೊ ಪಾಯಸ್ ನಮ್ಮ ಹಂಪಿಗೆ ಬಂದಿದ್ದ. ಊರು ನೋಡಲು ಒಂದು ಗುಡ್ಡ ಹತ್ತಿದ. ಸುತ್ತ ಬೆಟ್ಟದ ಸಾಲು ಇದ್ದದ್ದರಿಂದ ಪೂರ್ತಿ ಊರು ಕಾಣಲಿಲ್ಲ ಎಂದು ಬರೆದ. ಕಂಡಷ್ಟು ಭಾಗವೇ ರೋಮ್‌ನಷ್ಟು ದೊಡ್ಡದು ಎಂದ. ಮನೆಗಳ ತೋಟ, ಊರೊಳಗೆ ಹರಿಯುವ ನೀರಿನ ಕಾಲುವೆ ಎಲ್ಲ ಹೇಳಿದ. ಎಲ್ಲಿ ನಿಂತು ನೋಡಿದೆ, ಎಷ್ಟು ಕಂಡಿತು ಎಂದು ಹೇಳಿದ್ದಕ್ಕೇ ಅವನ ಮಾತು ಇವತ್ತಿಗೂ ನಂಬಿಕೆ ಹುಟ್ಟಿಸುತ್ತದೆ. ನಿಮ್ಮಿಂದ ನಾನು ಕೇಳುತ್ತಿರುವುದೂ ಅಷ್ಟನ್ನೇ.

ಇನ್ನು ಒಂಬತ್ತನೇ ಪುಟಕ್ಕೆ ಬರುತ್ತೇನೆ. ಲಿಸ್ಬನ್ನಿನ ಹಳೆಯ ದಿನಸಿ ಅಂಗಡಿ. ಉಪ್ಪು ಹಾಕಿ ಒಣಗಿಸಿದ ಇಡೀ ಇಡೀ ಕಾಡ್ ಮೀನುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಕತ್ತಿಗೆ ಬಗ್ಗದಷ್ಟು ಗಟ್ಟಿ, ಅಂಗಡಿಯವರು ಗರಗಸದಲ್ಲಿ ಕೊಯ್ದು ಕೊಡುತ್ತಾರೆ. ಆ ವಾಸನೆಗೆ ನಿಮಗೆ ಹೊನ್ನಾವರದ ಮನೆಯ ಮಳೆಗಾಲ ನೆನಪಾಯಿತು. ಏಳೇ ಸಾಲು. ಇಡೀ ಲೇಖನದಲ್ಲಿ ನೀವು ನನಗೆ ಕಂಡದ್ದು ಇಲ್ಲಿ ಮಾತ್ರ. ಮರುಕ್ಷಣವೇ ಬಸ್ಸು ಹತ್ತಿ ಸಿಂತ್ರಾಕ್ಕೆ ಹೊರಟುಬಿಟ್ಟಿರಿ!

ಅಲ್ಲೇ ನಿಲ್ಲಿ. ಬಕಲ್ಯಾವ್, ಅಂದರೆ ಈ ಒಣ ಕಾಡ್ ಮೀನು, ಪೋರ್ಚುಗೀಸರಿಗೆ ಪ್ರಾಣ, ಆದರೆ ಆ ಮೀನು ಅವರ ಕರಾವಳಿಯದ್ದಲ್ಲ. ನಾರ್ವೆ, ಐಸ್‌ಲ್ಯಾಂಡ್, ನ್ಯೂಫೌಂಡ್‌ಲ್ಯಾಂಡಿನ ತಣ್ಣನೆಯ ಸಮುದ್ರದ್ದು. ಅದನ್ನು ಹಿಡಿಯಲು 16ನೇ ಶತಮಾನದಿಂದ ಅಟ್ಲಾಂಟಿಕ್ ದಾಟಿ ಹೋದರು. 1970ರ ದಶಕದವರೆಗೂ ದೊಡ್ಡ ಹಡಗಿನಿಂದ ಪುಟ್ಟ ದೋಣಿ ಇಳಿಸಿ, ಒಂದು ದೋಣಿಗೆ ಒಬ್ಬನೇ ಆಳು, ಮಂಜಿನಲ್ಲಿ ಗಾಳ ಹಾಕುತ್ತಿದ್ದರು. ಉಪ್ಪು ಹಾಕಿದ ಮೀನು ತಿಂಗಳುಗಟ್ಟಲೆ ಕೆಡುವುದಿಲ್ಲ. ಚರ್ಚು ಮಾಂಸ ಬೇಡ ಎಂದ ದಿನಗಳಲ್ಲಿ ಮೀನು ತಿನ್ನಬಹುದಿತ್ತು. ಇವತ್ತಿಗೂ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಎಷ್ಟೋ ಮನೆಗಳಲ್ಲಿ ಇದೇ ಊಟ. ನೀರು ಬದಲಿಸುತ್ತಾ ಒಂದೆರಡು ದಿನ ನೆನೆಸಿ, ಆಲೂಗಡ್ಡೆ, ಕೋಸಿನ ಜೊತೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ. ನೀವು ಅದನ್ನು ತಿಂದಿದ್ದೀರಿ. ‘ರುಚಿಯಾಗಿತ್ತು’ ಅಂದರೆ ಸಾಲದು. ಉಪ್ಪು ಜಾಸ್ತಿ ಇತ್ತಾ? ನಿಮ್ಮ ಅಮ್ಮನ ಒಣಮೀನಿನ ಸಾರಿಗಿಂತ ಎಲ್ಲಿ ಬೇರೆ?

ಪೋರ್ಟೊದಲ್ಲಿ ‘ವೈನ್ ಸವಿದೆವು’ ಎಂದು ಒಂದೇ ಮಾತಿನಲ್ಲಿ ದಾಟಿಸಿದ್ದೀರಿ. ಮನೆಯವರು ಓದುತ್ತಾರೆ ಎಂಬ ಸಂಕೋಚ ಇರಬಹುದು, ಅರ್ಥವಾಗುತ್ತದೆ. ಕುಡಿದಿದ್ದರೆ ಕುಡಿದೆ ಅನ್ನಿ. ಇಲ್ಲದಿದ್ದರೆ ಇಲ್ಲ ಅನ್ನಿ, ಉಗ್ರಾಣದ ಪೀಪಾಯಿಗಳ ಘಮ ಹೇಳಿದರೂ ಸಾಕು. ಜೊತೆಗೊಂದು ತಿದ್ದುಪಡಿ. ಪೋರ್ಟ್ ವೈನಿನ ದ್ರಾಕ್ಷಿ ಪೋರ್ಟೊದಲ್ಲಿ ಬೆಳೆಯುವುದಿಲ್ಲ. ಅದು ಮೇಲೆ, ಡೌರೊ ನದಿಯ ಕಣಿವೆಯಲ್ಲಿ ಬೆಳೆಯುತ್ತದೆ. 1756ರಲ್ಲೇ ಸರ್ಕಾರ ಆ ಕಣಿವೆಗೆ ಗಡಿ ಗುರುತಿಸಿತ್ತು. ರಸ ಹುಳಿಯುತ್ತಿರುವಾಗಲೇ ದ್ರಾಕ್ಷಿಯ ಸಾರಾಯಿ ಸೇರಿಸಿ ಹುಳಿಯುವುದನ್ನು ನಿಲ್ಲಿಸುತ್ತಾರೆ. ಅದಕ್ಕೇ ಅಷ್ಟು ಸಿಹಿ, ಅಷ್ಟು ಖಡಕ್. ನೀವು ನೋಡಿದ ಉಗ್ರಾಣಗಳೂ ಪೋರ್ಟೊದಲ್ಲಿಲ್ಲ, ನದಿಯ ಆಚೆ ದಡದ ಗಾಯಾ ಎಂಬ ಊರಿನಲ್ಲಿವೆ.

ಕೊನೆಯದು ನನಗೆ ತುಂಬಾ ಮುಖ್ಯ. ಜೆರೋನಿಮೊಸ್ ಮಠದಲ್ಲಿ ವಾಸ್ಕೊ ಡ ಗಾಮನ ಸಮಾಧಿಗೆ ಕೈಮುಗಿದು ‘ಮಹಾನ್ ನಾವಿಕ’ ಎಂದು ಮುಂದೆ ಹೋಗಿದ್ದೀರಿ. 1501ರಲ್ಲಿ ಶುರುವಾದ ಆ ಕಟ್ಟಡಕ್ಕೆ ದುಡ್ಡು ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲಿನ ಸುಂಕದಿಂದ. ಆ ವ್ಯಾಪಾರದಲ್ಲಿ ಕಾಳುಮೆಣಸಿನ ಪಾಲು ದೊಡ್ಡದು. ನಿಮ್ಮ ಶರಾವತಿಯ ಮೇಲಿನ ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು, ಅವಳ ಜೊತೆ ವ್ಯಾಪಾರವನ್ನೂ ಮಾಡಿದರು, ಜಗಳವನ್ನೂ ಆಡಿದರು. ಹೊನ್ನಾವರದಿಂದ ಹೋದವರು ಆ ಕಂಬಗಳ ನಡುವೆ ನಿಂತು ಇದನ್ನು ನೆನೆಯದಿದ್ದರೆ ಇನ್ಯಾರು ನೆನೆಯಬೇಕು? ಕೋಪದಿಂದ ಬರೆಯಿರಿ ಅನ್ನುತ್ತಿಲ್ಲ. ಕಟ್ಟಡದ ಚೆಂದ ಚೆಂದವೇ. ಎರಡನ್ನೂ ಒಟ್ಟಿಗೆ ಹೇಳಿ.

ಮೀನು ಮತ್ತು ಮಠ, ಇವೆರಡನ್ನೇ ಇಟ್ಟುಕೊಂಡು ಸಾವಿರದ ಇನ್ನೂರು ಪದಗಳಲ್ಲಿ ಮತ್ತೆ ಬರೆದು ಕಳಿಸಿ. ವೈನ್ ಇನ್ನೊಂದು ಲೇಖನಕ್ಕಿರಲಿ. ಫೋಟೋಗಳಲ್ಲಿ ಅಂಗಡಿಯದ್ದು ಒಂದು ಸಾಕು, ಸೆಲ್ಫಿ ಬೇಡ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಕಳೆದ ಸಲ ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು.