‘ಯಾರಿಗೂ ಹೇಳಬೇಡಿ’ ಎಂದ ಹುಡುಗಿ

ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ, ಮೈಸೂರು ಕಡೆಯ 22 ವರ್ಷದ ಯುವತಿಯೊಬ್ಬರು ಜೆ-1 ಎಂಬ ವಿನಿಮಯ ಕಾರ್ಯಕ್ರಮದ ವೀಸಾದ ಮೇಲೆ ಅಮೆರಿಕದ ಮೇನ್ ರಾಜ್ಯಕ್ಕೆ, ಮಕ್ಕಳ ಬೇಸಿಗೆ ಶಿಬಿರವೊಂದರ ಕೌನ್ಸೆಲರ್ ಆಗಿ ಹೋಗಿದ್ದರು. ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.

ಅಲ್ಲಿನ ಶಿಬಿರಗಳಲ್ಲಿ ಕೌನ್ಸೆಲರ್ ಎಂದರೆ ಆಪ್ತಸಲಹೆಗಾರರಲ್ಲ. ಮಕ್ಕಳ ಜೊತೆ ಒಂದೇ ಕ್ಯಾಬಿನ್ನಿನಲ್ಲಿ ಮಲಗಿ, ಬೆಳಿಗ್ಗೆ ಎಬ್ಬಿಸಿ, ಕೆರೆಗೆ ಈಜಲು ಕರೆದೊಯ್ದು, ಮನೆ ನೆನಪಾಗಿ ಅಳುವವರನ್ನು ಸಂತೈಸಿ, ರಾತ್ರಿ ದೀಪ ಆರಿಸುವವರೆಗೂ ಜೊತೆಗಿರುವ ಅಕ್ಕನಂಥವರು. ಈಕೆ ಮಾತ್ರ ಆ ಪದವನ್ನು ತರಗತಿಯಲ್ಲಿ ಕಲಿತ ಅರ್ಥದಲ್ಲಿಯೇ ಹಿಡಿದಿದ್ದರು.

ಶಿಬಿರದ ಐದನೆಯ ದಿನ, ಹನ್ನೊಂದು ವರ್ಷದ ಹುಡುಗಿಯೊಬ್ಬಳ ತೊಡೆಯ ಮೇಲೆ ಮಾಸುತ್ತಿದ್ದ ಬಾಸುಂಡೆಗಳು ಈಜುವಾಗ ಕಣ್ಣಿಗೆ ಬಿದ್ದವು. ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡ ಮೇಲೆ, ತಾಯಿಯ ಜೊತೆಗಿರುವಾತ ಬೆಲ್ಟಿನಿಂದ ಹೊಡೆಯುತ್ತಾನೆಂದು ಹುಡುಗಿ ಆ ರಾತ್ರಿ ಹೇಳಿದಳು. ಮುಂದಿನ ಮೂರು ರಾತ್ರಿ ಈಕೆಗೆ ನಿದ್ದೆಯಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನದ ವಿಶ್ರಾಂತಿಯ ವೇಳೆಯಲ್ಲಿ, ಅಂದರೆ ನಮ್ಮಲ್ಲಿ ರಾತ್ರಿ 11 ಗಂಟೆಗೆ, ಆಪ್ತಸಲಹೆಗಾರ್ತಿಯಾದ ನನಗೆ ಕರೆ ಮಾಡಿದರು.

“ನಮ್ಮ ಮನೆಗಳಲ್ಲೂ ಹೊಡೀತಾರಲ್ಲ ಮೇಡಂ, ನಾನೇ ದೊಡ್ಡದು ಮಾಡ್ತಿದ್ದೀನಾ?” ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಅದರ ಹಿಂದೆ ಇನ್ನೆರಡು ಭಯಗಳಿದ್ದವು: ಕೊಟ್ಟ ಮಾತಿಗೆ ತಪ್ಪಿದರೆ ಆ ಮಗು ಇನ್ನು ಯಾರನ್ನೂ ನಂಬಲಿಕ್ಕಿಲ್ಲ, ಮತ್ತು ವಿಷಯ ಎತ್ತಿದರೆ ತನ್ನನ್ನೇ ಊರಿಗೆ ಕಳಿಸಿಬಿಡಬಹುದು.

ಬಾಸುಂಡೆ ಏಳುವಂತೆ ಬೆಲ್ಟಿನಿಂದ ಹೊಡೆಯುವುದು ಯಾವ ಊರಿನಲ್ಲಾದರೂ ಹಿಂಸೆಯೇ, ನಮ್ಮಲ್ಲಿ ನಡೆಯುತ್ತದೆಂಬ ಕಾರಣಕ್ಕೆ ಅದು ಸಣ್ಣದಾಗುವುದಿಲ್ಲ ಎಂದು ಮೊದಲಿಗೇ ಹೇಳಿದೆ. ಗೋಪ್ಯತೆ ನನ್ನ ವೃತ್ತಿಯ ಜೀವಾಳ. ಆದರೂ ಮಗುವಿನ ಸುರಕ್ಷತೆಯ ಪ್ರಶ್ನೆ ಬಂದಾಗ ಅದು ನನ್ನನ್ನೂ ಕಟ್ಟಿಹಾಕುವುದಿಲ್ಲ. ನಮ್ಮ 2012ರ ಪೋಕ್ಸೊ ಕಾಯ್ದೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದ ಪ್ರತಿಯೊಬ್ಬರೂ ಅದನ್ನು ವರದಿ ಮಾಡಬೇಕೆನ್ನುತ್ತದೆ. ಮೇನ್ ರಾಜ್ಯದ ಕಾನೂನಿನಲ್ಲಿ ಮಕ್ಕಳ ಮೇಲಿನ ಯಾವುದೇ ದೌರ್ಜನ್ಯದ ಶಂಕೆಯನ್ನು ವರದಿ ಮಾಡಲೇಬೇಕಾದವರ ಪಟ್ಟಿಯಿದ್ದು, ಬೇಸಿಗೆ ಶಿಬಿರದ ಕೌನ್ಸೆಲರ್‌ಗಳ ಹೆಸರು ಅದರಲ್ಲಿ ಸ್ಪಷ್ಟವಾಗಿದೆ. ಶಿಬಿರದ ಮುಖ್ಯಸ್ಥರಿಗೆ ತಿಳಿಸಿದ 24 ಗಂಟೆಯೊಳಗೆ ವರದಿ ಹೋಗಿದೆಯೆಂಬ ದೃಢೀಕರಣ ಬಾರದಿದ್ದರೆ ತಾವೇ ಅಲ್ಲಿನ ಆರೋಗ್ಯ ಮತ್ತು ಮಾನವ ಸೇವಾ ಇಲಾಖೆಗೆ ನೇರವಾಗಿ ತಿಳಿಸಬೇಕು. ಸದುದ್ದೇಶದಿಂದ ವರದಿ ಮಾಡಿದವರಿಗೆ ಅದೇ ಕಾನೂನಿನಲ್ಲಿ ರಕ್ಷಣೆಯೂ ಇದೆ. ಇದನ್ನು ಕೇಳಿದ ಮೇಲೆ, ತಾನು ಶಿಬಿರದ ಮೇಲೆ ದೂರು ಹೇಳುತ್ತಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿದ್ದೇನೆ ಎಂಬುದು ಅವರಿಗೆ ಮನವರಿಕೆಯಾಯಿತು.

ಇದೇ ವಿಶ್ರಾಂತಿಯ ವೇಳೆ ಮುಗಿಯುವುದರೊಳಗೆ ಮುಖ್ಯಸ್ಥರನ್ನು ಕಾಣಿರಿ ಎಂದೆ. ಹುಡುಗಿ ಆಡಿದ ಮಾತುಗಳನ್ನು ಅವಳ ಶಬ್ದಗಳಲ್ಲಿಯೇ, ದಿನ ಮತ್ತು ಹೊತ್ತಿನೊಂದಿಗೆ ಬರೆದಿಟ್ಟುಕೊಳ್ಳುವುದು, ಮತ್ತೆ ಮತ್ತೆ ಕೆದಕಿ ಕೇಳದಿರುವುದು, ಗಾಯದ ಫೋಟೋ ತೆಗೆಯದಿರುವುದು, ಮನೆಯವರೊಡನೆ ತಾವಾಗಿ ಮಾತನಾಡದಿರುವುದು, ಇಷ್ಟನ್ನು ಒತ್ತಿ ಹೇಳಿದೆ.

ಕಷ್ಟದ ಮಾತು ಹುಡುಗಿಯೊಡನೆ ಆಡಬೇಕಾದದ್ದು. ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗುವ ಮೊದಲು ಈಕೆಯೇ ಹೇಳಬೇಕೆಂಬುದು ನನ್ನ ಅಭಿಪ್ರಾಯವಾಗಿತ್ತು. “ಕೊಡಬಾರದ ಮಾತನ್ನು ನಾನು ಕೊಟ್ಟುಬಿಟ್ಟೆ. ತಪ್ಪು ನನ್ನದು, ನಿನ್ನದಲ್ಲ. ನಿನ್ನನ್ನು ಕಾಪಾಡಲು ನಾನೊಬ್ಬಳೇ ಸಾಲುವುದಿಲ್ಲ, ಅದಕ್ಕೇ ಇನ್ನೊಬ್ಬರಿಗೆ ಹೇಳುತ್ತಿದ್ದೇನೆ” ಎಂಬ ಮಾತುಗಳನ್ನು ಫೋನಿನಲ್ಲಿಯೇ ಇಬ್ಬರೂ ಕೂಡಿ ಹೊಂದಿಸಿ, ಅವರು ಅದನ್ನು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿ ನೋಡಿದರು. ಎರಡನೆಯ ಸಲ ಅತ್ತರು.

ವರದಿ ಅಂದೇ ಹೋಯಿತು. ಹುಡುಗಿ ಎರಡು ದಿನ ಈಕೆಯೊಡನೆ ಮಾತು ಬಿಟ್ಟಳು. ಆಗ ಬೇರೆ ಕ್ಯಾಬಿನ್ನಿಗೆ ಬದಲಾಯಿಸಿಕೊಳ್ಳಲು ಈಕೆ ಯೋಚಿಸಿದ್ದರು. ದಯವಿಟ್ಟು ಹೋಗಬೇಡಿ, ಹೇಳಿದ್ದಕ್ಕೆ ಅಕ್ಕನೂ ದೂರವಾದಳೆಂದು ಆ ಮಗುವಿಗೆ ಅನಿಸಬಾರದು ಎಂದು ಕೇಳಿಕೊಂಡೆ. ದಿನಾ ರಾತ್ರಿ 10ಕ್ಕೆ, ನಮ್ಮ ಬೆಳಗಿನ ಏಳೂವರೆಗೆ, ಈಕೆಯ ತಾಯಿ ಊರಿನಿಂದ ಮಾಡುತ್ತಿದ್ದ ದೀರ್ಘ ಕರೆಯನ್ನು ವಾರದ ರಜೆಯ ದಿನಕ್ಕೆ ಬದಲಿಸಿದ ಮೇಲೆ ಅವರಿಗೆ ನಿದ್ದೆ ಮಾಡಲು ಸ್ವಲ್ಪ ಹೊತ್ತು ಸಿಕ್ಕಿತು. ಮೂರನೆಯ ದಿನ ಹುಡುಗಿ ತಲೆ ಬಾಚಿಕೊಡೆಂದು ಬಾಚಣಿಗೆ ಹಿಡಿದು ಬಂದು ಕುಳಿತಳಂತೆ.

ಇಲಾಖೆ ಮುಂದೇನು ಮಾಡಿತೆಂದು ಈಕೆಗೆ ತಿಳಿಯಲಿಲ್ಲ. ಶಿಬಿರ ಮುಗಿದು ಊರಿಗೆ ಬಂದ ಮೇಲೂ ಆ ಕೊರಗು ಉಳಿದಿರುವುದರಿಂದ ಹದಿನೈದು ದಿನಕ್ಕೊಮ್ಮೆ ನಾವಿಬ್ಬರೂ ಕುಳಿತು ಮಾತನಾಡುತ್ತಿದ್ದೇವೆ.