ಮನೆತನದ ಸಮಾಧಿಗಳನ್ನು ದಾಖಲಿಸುವ ಬಗೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಓದುಗರ ಪತ್ರದ ಸಾರಾಂಶ: ಹೊಳಲ್ಕೆರೆ ತಾಲ್ಲೂಕಿನ ನಮ್ಮ ಜಮೀನಿನ ಮೂಲೆಯಲ್ಲಿ, ಹುಣಸೆಮರದ ಕೆಳಗೆ, ಮನೆತನದ ಮೂವತ್ತನಾಲ್ಕು ಸಮಾಧಿಗಳಿವೆ. ಹನ್ನೊಂದು ಕಲ್ಲುಗಳ ಮೇಲೆ ಮಾತ್ರ ಬರಹವಿದೆ. ಈ ವರ್ಷ ಅಣ್ಣತಮ್ಮಂದಿರು ಭಾಗವಾಗುತ್ತಿದ್ದೇವೆ, ಅಡಿಕೆ ಹಾಕುವ ಯೋಚನೆಯೂ ಇದೆ. ಬರಹದ ಕಲ್ಲುಗಳನ್ನು ತೊಳೆಸಿ, ಅಕ್ಷರಗಳಿಗೆ ಬಣ್ಣ ತುಂಬಿಸಿ, ಬೇಲಿಯ ಪಕ್ಕ ಒಂದೇ ಸಾಲಿಗೆ ನಿಲ್ಲಿಸಿ ಉಳಿದವನ್ನು ತೆಗೆಯೋಣವೆಂದು ಮನೆಯವರ ಅಭಿಪ್ರಾಯ. ಅದಕ್ಕೆ ಮೊದಲು ಇವನ್ನು ಕ್ರಮವಾಗಿ ದಾಖಲಿಸುವುದು ಹೇಗೆ? ಒಂದು ಕಲ್ಲಿನಲ್ಲಿ ‘ಧಾತು ಸಂವತ್ಸರದ ಮಾಘ ಬ॥’ (ಬಹುಳ, ಅಂದರೆ ಕೃಷ್ಣಪಕ್ಷ) ಎಂದಿದೆ. ಅದು ದೊಡ್ಡ ಬರಗಾಲದಲ್ಲಿ ತೀರಿಕೊಂಡ ಹಿರಿಯರದೆಂದು ನಂಬಿದ್ದೇವೆ, ಸರಿಯೇ? ಇನ್ನು ಮೂರು ಸಣ್ಣ ಕಲ್ಲುಗಳು ಅಕ್ಕಪಕ್ಕದಲ್ಲಿದ್ದು, ಮೂರರಲ್ಲೂ ‘ಕಾಳಯುಕ್ತಿ, ಆಶ್ವಯುಜ’ ಎಂದಿದೆ. 86 ವರ್ಷದ ದೊಡ್ಡಮ್ಮನವರಿಗೆ ಕೆಲವು ಸಮಾಧಿಗಳ ಗುರುತು ನೆನಪಿದೆ.

ಸಂಪಾದಕರ ಉತ್ತರ:

ಮಾನ್ಯರೇ,

ಬರೆದಿಟ್ಟ ಮೇಲೆ ಕಲ್ಲುಗಳನ್ನು ಸರಿಸಬಹುದೆಂಬ ಭಾವನೆ ನಿಮ್ಮ ಪತ್ರದಲ್ಲಿರುವುದರಿಂದ ಮೊದಲು ಅದನ್ನೇ ಹೇಳಬೇಕಾಗಿದೆ. ದಯವಿಟ್ಟು ಸರಿಸಬೇಡಿ. ಕಲ್ಲಿನ ಬರಹವನ್ನು ಪುಸ್ತಕಕ್ಕೆ ಇಳಿಸಿಕೊಳ್ಳಬಹುದು, ಆದರೆ ಆ ಕಲ್ಲು ಯಾರ ಪಕ್ಕದಲ್ಲಿ, ಯಾವ ದಿಕ್ಕಿಗೆ ಮುಖಮಾಡಿ, ಎಷ್ಟು ಅಂತರದಲ್ಲಿ ನಿಂತಿದೆ ಎಂಬುದನ್ನು ಬೇಲಿಯ ಪಕ್ಕದ ಸಾಲು ಒಂದೇ ದಿನದಲ್ಲಿ ಅಳಿಸಿಹಾಕುತ್ತದೆ. ನಿಮ್ಮಲ್ಲಿ ಬರಹವಿಲ್ಲದ ಕಲ್ಲುಗಳೇ ಇಪ್ಪತ್ತಮೂರು. ಅವು ಯಾರವೆಂದು ಎಂದಾದರೂ ತಿಳಿಯುವುದಿದ್ದರೆ ನಿಂತ ಜಾಗದಿಂದಲೇ ತಿಳಿಯಬೇಕು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದಾಗ ಬೃಹತ್ ಶಿಲಾಯುಗದ ಗೋರಿಗಳ ಮೇಲೆ ಓದಲು ಒಂದಕ್ಷರವೂ ಇರಲಿಲ್ಲ. ಕಲ್ಲುಗಳ ವೃತ್ತ, ಒಳಗಿನ ಚಪ್ಪಡಿಗಳ ಜೋಡಣೆ, ಅಲ್ಲಿ ದೊರೆತ ವಸ್ತುಗಳು, ಇವೇ ಸಾಕ್ಷ್ಯವಾದವು. ಯಾರಾದರೂ ಮೊದಲೇ ಬಂದು ಆ ಕಲ್ಲುಗಳನ್ನು ಅಂದವಾಗಿ ಜೋಡಿಸಿಟ್ಟಿದ್ದರೆ ಹೇಳಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಇದರಲ್ಲಿ ವ್ಯವಹಾರದ ಮಾತೂ ಇದೆ. ಕಲ್ಲನ್ನು ಸರಿಸಿದರೂ ಸಮಾಧಿ ಸರಿಯುವುದಿಲ್ಲ. ಮುಂದೆ ಮನೆಯವರೊಬ್ಬರಿಗೆ ಗುಂಡಿ ತೆಗೆಯುವಾಗ ಹಾರೆ ಎಲ್ಲಿ ಹಾಕಬೇಕೆಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಆದ್ದರಿಂದ ಕೆಲಸ ನಕ್ಷೆಯಿಂದ ಆರಂಭವಾಗಲಿ. ಹುಣಸೆಮರವನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಮರ ಇಂದಲ್ಲ ನಾಳೆ ಬೀಳುತ್ತದೆ. ಜಮೀನಿನ ಎರಡು ಬಾಂದುಕಲ್ಲುಗಳನ್ನು ಆರಿಸಿಕೊಂಡು, ಎರಡರಿಂದಲೂ ಪ್ರತಿ ಸಮಾಧಿಯ ಮಧ್ಯಕ್ಕೆ ಟೇಪು ಹಿಡಿದು ಅಳತೆ ಬರೆದುಕೊಳ್ಳಿ. ಬಾಂದುಕಲ್ಲುಗಳ ನಡುವಿನ ದೂರವೂ, ಸಮಾಧಿ ಅವುಗಳ ಯಾವ ಬದಿಗಿದೆ ಎಂಬುದೂ ಗೊತ್ತಿದ್ದರೆ ಈ ಎರಡು ಅಳತೆಗಳಿಂದ ಸಮಾಧಿಯ ಜಾಗವನ್ನು ಯಾರು ಬೇಕಾದರೂ ಮತ್ತೆ ಗುರುತಿಸಬಹುದು. ಸಮಾಧಿಗಳಿಗೆ ಒಂದರಿಂದ ಮೂವತ್ತನಾಲ್ಕರವರೆಗೆ ಸಂಖ್ಯೆ ಕೊಡಿ, ಆದರೆ ಸಂಖ್ಯೆಯನ್ನು ಕಲ್ಲಿನ ಮೇಲೆ ಬರೆಯಬೇಡಿ. ಮಕ್ಕಳ ಸ್ಲೇಟಿನ ಮೇಲೆ ಬರೆದು, ಪಕ್ಕದಲ್ಲಿಟ್ಟು, ಅಳತೆಪಟ್ಟಿಯೊಂದಿಗೆ ಚಿತ್ರ ತೆಗೆಯಿರಿ. ಬರಿಯ ಗುಂಡುಕಲ್ಲಾಗಿರಲಿ, ಮಣ್ಣಿನ ದಿಬ್ಬವಾಗಿರಲಿ, ಎಕ್ಕದ ಗಿಡವಷ್ಟೇ ಉಳಿದಿರಲಿ, ಎಲ್ಲಕ್ಕೂ ಸಂಖ್ಯೆ ಇರಬೇಕು.

ಇನ್ನು ಬರಹ ಓದುವ ವಿಚಾರ. ತಂತಿಬ್ರಷ್ಷು, ಆಸಿಡ್, ಸೋಪಿನ ಪುಡಿ ಇವ್ಯಾವುವೂ ಹತ್ತಿರ ಬರಬಾರದು. ಮೆತ್ತನೆಯ ಬ್ರಷ್ಷು ಮತ್ತು ಬರಿಯ ನೀರು ಸಾಕು. ಸವೆದ ಅಕ್ಷರಗಳು ನಡುಹಗಲಿನ ಬಿಸಿಲಿನಲ್ಲಿ ಕಾಣುವುದಿಲ್ಲ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತಾವಾಗಿ ಎದ್ದು ಬರುತ್ತವೆ. ಮರದ ನೆರಳಿನಲ್ಲಿರುವ ಕಲ್ಲಿಗೆ ಮನೆಯ ಕನ್ನಡಿಯೊಂದನ್ನು ಹಿಡಿದು ಪಕ್ಕದಿಂದ ಬಿಸಿಲು ಬೀಳಿಸಬಹುದು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒತ್ತಾಗಿ ಓರೆಯಾಗಿ ಹಿಡಿದರೆ ಹಗಲಿನಲ್ಲಿ ಕಾಣದ ಸಾಲುಗಳೂ ಕಾಣುತ್ತವೆ. ನೀರು ಚಿಮುಕಿಸಿದ ಕಲ್ಲು ಆರುವಾಗ ತೇವ ಅಕ್ಷರದ ಕೊರೆತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದುಂಟು, ಆ ಕ್ಷಣಕ್ಕೆ ಕಾದಿದ್ದು ಚಿತ್ರ ತೆಗೆಯಿರಿ. ಸುಣ್ಣ, ಸೀಮೆಸುಣ್ಣ, ಹಿಟ್ಟು ತಿಕ್ಕಿ ಓದುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ, ಆದರೆ ಅದರಿಂದ ಕಾಣುವುದು ತಿಕ್ಕಿದವನು ಅಂದುಕೊಂಡ ಅಕ್ಷರವೇ ಹೊರತು ಕಲ್ಲಿನ ಅಕ್ಷರವಲ್ಲ.

ಬಣ್ಣ ತುಂಬಿಸುವುದನ್ನು ವಿರೋಧಿಸಲು ನನಗೆ ಸ್ವಂತ ಕಾರಣವೂ ಇದೆ. ನಮ್ಮ ಮನೆತನದ ಸಮಾಧಿಗಳಿಗೆ ಹಿಂದೊಮ್ಮೆ ಹಿರಿಯರು ಭಕ್ತಿಯಿಂದಲೇ ಬಣ್ಣ ಬಳಿಸಿದರು. ಬಣ್ಣದವನು ಸವೆದಿದ್ದ ೬ನ್ನು ೯ ಎಂದು ತಿಳಿದು ತುಂಬಿದ. ಅಂದಿನಿಂದ ನಮ್ಮ ಅಜ್ಜಿಯೊಬ್ಬರು ತಮ್ಮ ಮಗನ ಮದುವೆಯಾದ ಮೇಲೆ ಹುಟ್ಟಿದವರಂತೆ ಲೆಕ್ಕ ಸಿಗತೊಡಗಿತು. ಆ ಬಣ್ಣವನ್ನು ತೆಗೆಯಲು ಹೋದರೆ ಕಲ್ಲಿನ ಹೊರಪದರವೂ ಅದರೊಂದಿಗೆ ಬರುವ ಭಯವಿರುವುದರಿಂದ ಹಾಗೆಯೇ ಬಿಟ್ಟಿದ್ದೇವೆ. ಕನ್ನಡದ ಅಂಕಿಗಳಲ್ಲಿ ೬ ಮತ್ತು ೯, ೧ ಮತ್ತು ೦ ಸವೆದಾಗ ಒಂದನ್ನೊಂದು ಹೋಲುತ್ತವೆ. ಅನುಮಾನವಿದ್ದಲ್ಲಿ ಎರಡನ್ನೂ ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ. ಬರಹವನ್ನು ಕಲ್ಲಿನಲ್ಲಿರುವಂತೆಯೇ, ಸಾಲಿಗೆ ಸಾಲು, ಕಾಗುಣಿತದ ತಪ್ಪುಗಳ ಸಮೇತ ಇಳಿಸಿಕೊಳ್ಳಿ. ‘ಲಿಂ.’ ಎಂದಿದ್ದರೆ ‘ಲಿಂ.’ ಎಂದೇ ಬರೆಯಿರಿ, ಅದನ್ನು ‘ಲಿಂಗೈಕ್ಯ’ ಎಂದು ಬಿಡಿಸುವುದು ಟಿಪ್ಪಣಿಯ ಕೆಲಸ.

ಧಾತು ಸಂವತ್ಸರದ ಪ್ರಶ್ನೆ ನಿಮ್ಮ ಪತ್ರದ ಅತ್ಯಂತ ಕುತೂಹಲದ ಭಾಗ. ಮೈಸೂರು ಸಂಸ್ಥಾನವನ್ನು ಅಲುಗಾಡಿಸಿದ 1876–78ರ ಬರಗಾಲ ಧಾತು ಸಂವತ್ಸರದಲ್ಲಿ ಆರಂಭವಾಯಿತೆಂಬುದು ನಿಜ. ಶಾಲಿವಾಹನ ಶಕೆ 1798, ಅಂದರೆ 1876ರ ಯುಗಾದಿಯಿಂದ 1877ರ ಯುಗಾದಿಯವರೆಗೆ ಧಾತು. ಮಾಘಮಾಸ ವರ್ಷದ ಕೊನೆಗೆ ಬರುವುದರಿಂದ ನಿಮ್ಮ ಕಲ್ಲಿನ ತಿಥಿ ಬರಗಾಲದ್ದಾದರೆ 1876ರಲ್ಲಿ ಅಲ್ಲ, 1877ರ ಆರಂಭದಲ್ಲಿ ಬೀಳುತ್ತದೆ. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ, 1936–37 ಕೂಡ ಧಾತುವೇ. ಕಲ್ಲಿನಲ್ಲಿ ಶಕವರ್ಷವಿಲ್ಲದಿದ್ದರೆ ಸಂವತ್ಸರದ ಹೆಸರೊಂದರಿಂದ ತೀರ್ಮಾನಿಸಲು ಬರುವುದಿಲ್ಲ. ತಿಥಿಯ ಜೊತೆಗೆ ‘ಸೋ॥’, ‘ಗು॥’ ಎಂಬಂತೆ ವಾರದ ಗುರುತಿದೆಯೇ ನೋಡಿ. ಇದ್ದರೆ ಆ ತಿಥಿ 1877ರಲ್ಲಿ ಯಾವ ವಾರ ಬಂತು, 1937ರಲ್ಲಿ ಯಾವ ವಾರ ಬಂತು ಎಂದು ಹಳೆಯ ಪಂಚಾಂಗದ ಲೆಕ್ಕದಿಂದ ಪರೀಕ್ಷಿಸಿದಾಗ ಸಾಮಾನ್ಯವಾಗಿ ಒಂದು ಮಾತ್ರ ಹೊಂದುತ್ತದೆ. ವಾರವಿಲ್ಲದಿದ್ದರೆ ಕಲ್ಲನ್ನೇ ಕೇಳಬೇಕು: ಊರಿನ ಕಣಶಿಲೆಯನ್ನು ಉಳಿಯಿಂದ ಕೆತ್ತಿದ್ದೇ, ಅಥವಾ ನುಣ್ಣಗೆ ಕೊಯ್ದ ಕಡಪ ಕಲ್ಲೇ? ಪಕ್ಕದಲ್ಲಿ ಅವರ ಮಗನ ಸಮಾಧಿಯಿದ್ದು ಅದಕ್ಕೆ ಖಚಿತವಾದ ತಾರೀಖಿದ್ದರೆ ಅರ್ಧ ಉತ್ತರ ಅಲ್ಲಿಯೇ ಇದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಿಂದಾಗಿ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಬರುತ್ತದೆ, ಅರವತ್ತು ವರ್ಷದ ಸುತ್ತೂ ಹೆಚ್ಚುಕಡಿಮೆ ಅಷ್ಟೇ ಅಂತರದ್ದು. ಅಜ್ಜನ ಬರಗಾಲವನ್ನು ಮೊಮ್ಮಗನ ಕಲ್ಲಿಗೆ ಅಂಟಿಸುವ ತಪ್ಪು ಎಷ್ಟು ಸುಲಭವೆಂಬುದನ್ನು ಇದರಿಂದ ಊಹಿಸಬಹುದು.

ಕಾಳಯುಕ್ತಿಯ ಮೂರು ಸಣ್ಣ ಕಲ್ಲುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 1918–19 ಕಾಳಯುಕ್ತಿ ಸಂವತ್ಸರ. ಅದರ ಆಶ್ವಯುಜ 1918ರ ಅಕ್ಟೋಬರಿಗೆ ಬರುತ್ತದೆ, ಇನ್‌ಫ್ಲುಯೆಂಜಾ ನಮ್ಮ ಸೀಮೆಯಲ್ಲಿ ಮನೆಮನೆಗೆ ಹೊಕ್ಕಿದ್ದು ಆಗಲೇ. ಒಂದೇ ಮನೆಯ ಮೂವರು ಒಂದೇ ತಿಂಗಳಲ್ಲಿ ಹೋಗಿರುವುದನ್ನು ಓದಿದಾಗ ನನ್ನ ಮನಸ್ಸೂ ಅಲ್ಲಿಗೇ ಓಡಿತು. ಆದರೂ ಕಲ್ಲು ಕಾರಣವನ್ನು ಹೇಳುವುದಿಲ್ಲ. ಪುಸ್ತಕದ ಎಡಪುಟದಲ್ಲಿ ಕಲ್ಲಿನಲ್ಲಿರುವುದು, ಬಲಪುಟದಲ್ಲಿ ಹಿರಿಯರು ಹೇಳಿದ್ದು ಮತ್ತು ನಿಮ್ಮ ಊಹೆ, ಹೇಳಿದವರ ಹೆಸರು ಹಾಗೂ ದಿನಾಂಕದ ಸಹಿತ, ಹೀಗೆ ಬೇರೆಬೇರೆಯಾಗಿರಲಿ. ಆ ಮೂರರ ಒತ್ತಿಗೆ ಬರಹವಿಲ್ಲದ ಕಲ್ಲೇನಾದರೂ ಇದೆಯೇ ಎಂದೂ ನೋಡಿ. ಇದ್ದರೆ ಅದನ್ನು ಬೇಲಿಯ ಬಳಿಗೆ ಒಯ್ದ ಮರುದಿನ ಅದು ಬರಿಯ ಕಲ್ಲು. ಈಗಿರುವಲ್ಲಿ ಅದು ಒಂದು ಪ್ರಶ್ನೆಯಾಗಿಯಾದರೂ ನಿಂತಿರುತ್ತದೆ.

ಹೆಂಗಸರ ಸಮಾಧಿಗಳಲ್ಲಿ ‘ಇಂಥವರ ಧರ್ಮಪತ್ನಿ’ ಎಂದಷ್ಟೇ ಇರುವುದು ಸಾಮಾನ್ಯ. ಹೆಸರನ್ನು ಅವರ ತವರಿನವರಿಂದ ಕೇಳಿ ತಿಳಿಯಬೇಕಾಗುತ್ತದೆ. ನಿಮ್ಮ ಊರಿಗೆ ಹೆಳವರು ಈಗಲೂ ಬರುತ್ತಿದ್ದರೆ ಈ ಸಲ ಕಾಳು ಕೊಟ್ಟು ಕಳುಹಿಸಿಬಿಡದೆ ಕೂರಿಸಿಕೊಂಡು ವಂಶಾವಳಿಯನ್ನು ಪೂರ್ತಿ ಕೇಳಿ. ಅವರ ಪುಸ್ತಕಗಳಲ್ಲಿ ಮನೆತನ ಎಲ್ಲಿಂದ ಬಂತು, ಯಾರು ಯಾರ ಮಗ ಎಂಬುದಿರುತ್ತದೆ. ಕಲ್ಲಿಗೂ ಅವರ ಮಾತಿಗೂ ಹೊಂದಿಕೆಯಾಗದಿದ್ದರೆ ಎರಡನ್ನೂ ಬರೆದುಕೊಳ್ಳಿ.

ಸಮಾಧಿಗಳ ನಡುವೆ ವೀರಗಲ್ಲು ಅಥವಾ ಮಾಸ್ತಿಗಲ್ಲು ಕಂಡರೆ ಅದು ನಿಮ್ಮ ಮನೆತನಕ್ಕಿಂತ ಹಳೆಯದಾಗಿರಬಹುದು. ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. 1997ರವರೆಗೆ ಇದೇ ಜಿಲ್ಲೆಯಲ್ಲಿದ್ದ ದಾವಣಗೆರೆಯ ಶಾಸನಗಳೂ ಅದರಲ್ಲಿವೆ. ನಿಮ್ಮ ಊರಿನ ಹೆಸರನ್ನು ಅದರಲ್ಲಿ ಹುಡುಕಿ ನೋಡಿ, ಪುರಾತತ್ತ್ವ ಇಲಾಖೆಗೂ ತಿಳಿಸಿ.

ಭಾಗದ ವಿಚಾರದಲ್ಲಿ ನಾನು ತಲೆಹಾಕುವುದು ತರವಲ್ಲ. ಆದರೂ ಒಂದು ಮಾತು. ಸ್ವಂತ ಜಮೀನಿನ ಸಮಾಧಿಗಳು ಪಹಣಿಯಲ್ಲಿ ಕಾಣದಿರುವುದೇ ಹೆಚ್ಚು. ಭಾಗಕ್ಕೆ ಬೇಕಾದ ಸರ್ವೆಯ 11ಇ ನಕ್ಷೆ ಮಾಡಿಸುವಾಗಲೇ ಆ ಎರಡು ಮೂರು ಗುಂಟೆಯನ್ನು ಗುರುತಿಸಿ, ಅದು ಎಲ್ಲರಿಗೂ ಸೇರಿದ್ದೆಂದೂ ಅಲ್ಲಿಗೆ ಹೋಗಿಬರಲು ದಾರಿ ಇಂಥ ಕಡೆಯಿಂದ ಎಂದೂ ವಿಭಾಗಪತ್ರದಲ್ಲಿ ಬರೆಸಿ. ಈಗ ಅಣ್ಣತಮ್ಮಂದಿರಲ್ಲಿ ಹೊಂದಾಣಿಕೆಯಿದೆ, ಆದರೆ ಜಮೀನಿನ ಮುಂದಿನ ಮಾಲೀಕ ಯಾರೆಂದು ಯಾರೂ ಹೇಳಲಾರರು. ದಾಖಲೆಯ ಪುಸ್ತಕವನ್ನು ಮೂರು ಪ್ರತಿ ಮಾಡಿ ಮೂರು ಮನೆಯಲ್ಲಿಡಿ. ಮೊಬೈಲಿನಲ್ಲಿ ಮಾತ್ರ ಇರುವ ಚಿತ್ರಗಳು ಮೊಬೈಲಿನೊಂದಿಗೇ ಹೋಗುತ್ತವೆ.

ಇಷ್ಟೆಲ್ಲ ಹೇಳಿದರೂ ಟೇಪು, ಕನ್ನಡಿ, ಪಂಚಾಂಗ ಎಲ್ಲವೂ ಒಂದು ತಿಂಗಳು ಕಾಯಬಲ್ಲವು. ನಿಮ್ಮ ದೊಡ್ಡಮ್ಮನವರ ಮಾತನ್ನು ಈ ವಾರವೇ ಬರೆದುಕೊಳ್ಳಬೇಕು. ಮನೆಯಲ್ಲಿ ಕೂರಿಸಿ ಕೇಳಿದರೆ ಹೆಸರುಗಳಷ್ಟೇ ಬರುತ್ತವೆ, ಜಾಗ ಬರುವುದಿಲ್ಲ. ಕುರ್ಚಿಯ ಮೇಲಾದರೂ ಸರಿ, ಹುಣಸೆಮರದವರೆಗೆ ಕರೆದೊಯ್ಯಿರಿ. ಅವರು ಸೊಸೆಯಾಗಿ ಬಂದ ಹೊಸದರಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಹಿಡಿದು ಯಾವ ಕಡೆಯಿಂದ ಒಳಗೆ ಬರುತ್ತಿದ್ದರು, ಮೊದಲ ಎಡೆ ಯಾವ ಕಲ್ಲಿನ ಮುಂದೆ ಇಡುತ್ತಿದ್ದರು ಎಂದು ಕೇಳಿ, ಆ ಕಡೆಯಿಂದಲೇ ಶುರುಮಾಡಿ.