ದಾಖಲೆಯಿಂದ ಬೇಡ, ಜೀನ್ಸ್ ಪ್ಯಾಂಟಿನಿಂದ ಶುರು ಮಾಡಿ

ಪಿಯು ಮಕ್ಕಳಿಗೆ ಕಥೋಲಿಕ ಸಾಮಾಜಿಕ ಬೋಧನೆ (ದುಡಿಮೆ, ಕೂಲಿ, ನ್ಯಾಯದ ಬಗ್ಗೆ ಕಥೋಲಿಕ ಚರ್ಚ್ ಹೇಳುವ ಮಾತು) ಮತ್ತು ಎಐ ಬಳಕೆಯ ಸರಿ-ತಪ್ಪನ್ನು ಒಟ್ಟಿಗೆ ಕಲಿಸಬೇಕು, ಚರ್ಚಿನ ಯಾವ ದಾಖಲೆ ಮೊದಲು ಅಂತ ಕೇಳಿದ್ದೀರಿ. ಹೋದ ವರ್ಷ ಬಳ್ಳಾರಿಯಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ.

ಮೌಲ್ಯ ಶಿಕ್ಷಣದ ಪೀರಿಯಡ್ ನನ್ನದು. 2025ರಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋ, ಆ ಹೆಸರು ಯಾಕೆ ಅಂತ ಹೇಳುವಾಗ ಪೋಪ್ 13ನೇ ಲಿಯೋ ಕೆಲಸಗಾರರ ಸ್ಥಿತಿಯ ಬಗ್ಗೆ 1891ರಲ್ಲಿ ಬರೆದ 'ರೇರುಮ್ ನೊವಾರುಮ್' ಪತ್ರವನ್ನು ನೆನೆದಿದ್ದರು. ಆಗ ಕಾರ್ಖಾನೆ, ಈಗ ಎಐ. ಅಲ್ಲಿಂದಲೇ ಶುರು ಮಾಡೋಣ ಅಂದುಕೊಂಡೆ. ಪತ್ರ ಉದ್ದ. ರಾತ್ರಿ ಹತ್ತಾಗಿತ್ತು. ಕನ್ನಡದಲ್ಲಿ ಸಾರಾಂಶ ಕೊಡು ಅಂತ ಚಾಟ್‌ಬಾಟ್‌ಗೆ ಹೇಳಿದೆ.

ಕೊಟ್ಟಿತು. ಅದರಲ್ಲಿ ದುಡಿಯುವ ಕೈಗಳ ಬಗ್ಗೆ ಒಂದು ಸಾಲು, ಪೋಪರದೇ ಮಾತು ಅನ್ನುವ ಹಾಗೆ, ಪ್ಯಾರಾ ಸಂಖ್ಯೆ ಸಮೇತ. ಸಂಖ್ಯೆ ಇತ್ತಲ್ಲ, ನಂಬಿಬಿಟ್ಟೆ. ಮೂಲ ಪತ್ರ ವ್ಯಾಟಿಕನ್ ವೆಬ್‌ಸೈಟಲ್ಲಿ ಇಂಗ್ಲಿಷಿನಲ್ಲಿ ಪುಕ್ಕಟೆ ಸಿಗುತ್ತದೆ. ನನ್ನ ಮೊಬೈಲಲ್ಲಿ ಆ ಪುಟ ತೆರೆದೇ ಇತ್ತು. ಎರಡು ನಿಮಿಷದ ಕೆಲಸ, ಮಾಡಲಿಲ್ಲ. ಸಮಯ ಇರಲಿಲ್ಲ ಅಂತಲ್ಲ. ಸಾಲು ಅಷ್ಟು ಚೆನ್ನಾಗಿತ್ತು, ಅದು ನಿಜವಾಗಿರಲಿ ಅಂತ ನನಗೇ ಆಸೆ ಇತ್ತು. ಮರುದಿನ ಬೋರ್ಡ್ ಮೇಲೆ ಬರೆದೆ. ಮಕ್ಕಳು ನೋಟ್ಸಿಗೆ ಇಳಿಸಿಕೊಂಡರು.

ಒಬ್ಬ ಹುಡುಗಿಯ ಅಮ್ಮ ಕೌಲ್ ಬಜಾರಿನಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತಾರೆ, ಪೀಸಿಗೆ ಇಷ್ಟು ಅಂತ. ಭಾಷಣ ಸ್ಪರ್ಧೆಯಲ್ಲಿ ಆ ಸಾಲು ಹೇಳಿ, 'ಇದು ನಮ್ಮಮ್ಮನ ಬಗ್ಗೆ ಬರೆದದ್ದು' ಅಂದಳು. ತೀರ್ಪುಗಾರರಾಗಿದ್ದ ಫಾದರ್ ಮೆತ್ತಗೆ, 'ಇದು ಎಲ್ಲಿದೆ ಮಗಳೇ?' ಅಂತ ಕೇಳಿದರು. ಅವಳು ನನ್ನ ಕಡೆ ನೋಡಿದಳು.

ಎಲ್ಲೂ ಇರಲಿಲ್ಲ.

ಹಾಗಾಗಿ ಯಾವ ದಾಖಲೆ ಮೊದಲು ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಒಂದು ಜೀನ್ಸ್ ಪ್ಯಾಂಟ್ ತಗೊಂಡು ಹೋಗಿ ಮೇಜಿನ ಮೇಲಿಡಿ. ಇದನ್ನು ಹೊಲಿದವರಿಗೆ ಎಷ್ಟು ಸಿಕ್ಕಿತು, ನಾಳೆ ಎಐಯೇ ಲೆಕ್ಕ ಹಾಕಿ ರೇಟ್ ಇಳಿಸಿದರೆ ಯಾರನ್ನು ಕೇಳಬೇಕು ಅಂತ ಮಕ್ಕಳನ್ನೇ ಮಾತಾಡಿಸಿ. ನನ್ನ ತರಗತಿಯಲ್ಲಿ ಕ್ರೈಸ್ತರು ಕಡಿಮೆ, ಆದರೆ ಕೂಲಿಯ ಮಾತು ಬಿಡಿಸಿ ಹೇಳಬೇಕಾಗಲಿಲ್ಲ. ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ಕೆಲಸಕ್ಕಾಗಿ ಅಲ್ಲ ಅನ್ನುವ ಪೋಪ್ ಎರಡನೇ ಜಾನ್ ಪಾಲರ 1981ರ ಪತ್ರ ಆಮೇಲೆ ಬರಲಿ. ಕೊನೆಗೆ 2025ರ ಜನವರಿಯಲ್ಲಿ ವ್ಯಾಟಿಕನ್ ಎಐ ಬಗ್ಗೆ ಹೊರಡಿಸಿದ ದಾಖಲೆ 'ಆಂತಿಕ್ವಾ ಎತ್ ನೋವಾ'. ಎಐ ಇಲ್ಲದ್ದನ್ನು ಹುಟ್ಟಿಸಿ ಹೇಳುವ ಬಗ್ಗೆ ಅದರಲ್ಲೇ ಎಚ್ಚರಿಕೆ ಇದೆ. ನಾನು ಅದನ್ನು ಓದಿದ್ದು ಎಲ್ಲ ಆದ ಮೇಲೆ.

ತರಗತಿಯಲ್ಲಿ ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದೆ. ಆ ಹುಡುಗಿಯನ್ನು ಪಕ್ಕ ಕೂರಿಸಿಕೊಂಡು ಮೂಲ ಪತ್ರ ಓದಿದೆ. ಮಾಲೀಕ, ಕೆಲಸಗಾರ ಇಬ್ಬರೂ ಒಪ್ಪಿದ ಕೂಲಿ ಆದರೂ ಸಾಲದು, ಮಿತವಾಗಿ ಬದುಕುವ ದುಡಿಮೆಗಾರನ ಹೊಟ್ಟೆ ತುಂಬುವಷ್ಟಾದರೂ ಅದು ಇರಬೇಕು ಅನ್ನುವ ಜಾಗ ಬಂತು. ಅವಳು ಬೆರಳಿಟ್ಟು ನಿಲ್ಲಿಸಿದಳು.

'ಸರ್, ಇದು ನಿಜವಾಗಿ ಇದೆ ಅಲ್ವಾ?'

ಪ್ಯಾರಾ ಸಂಖ್ಯೆಯನ್ನು ಅವಳೇ ಬರೆದುಕೊಂಡಳು.